ನೂರಕ್ಕೆ ಇಬ್ಬರಿಗೆ ಬೇರೆ ಆಫೀಸ್ ಯಾಕೆ?

ಪ್ರಶ್ನೆ: ಸರ್, ಮಗಳು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿದ್ದಾಳೆ. ಅಲ್ಲಿ ಆಫ್ರಿಕನ್ ಅಮೆರಿಕನ್ನರಿಗೆ ಅಂತಾನೇ ರಾಜ್ಯ ಸರ್ಕಾರದ ಆಫೀಸ್ ಇದೆಯಂತೆ. ಆ ರಾಜ್ಯದಲ್ಲಿ ಅವರು ನೂರಕ್ಕೆ ಇಬ್ಬರೋ ಮೂವರೋ ಅಷ್ಟೇ. ಅಷ್ಟು ಜನಕ್ಕೆ ಬೇರೆ ಆಫೀಸ್ ಯಾಕೆ? ನಮ್ಮ ಸಮಾಜ ಕಲ್ಯಾಣ ಇಲಾಖೆ ಥರ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಕೊಡ್ತಾರಾ?
- ಓದುಗರೊಬ್ಬರು, ಹಾಸನ

ಉತ್ತರ: ಹಾಸ್ಟೆಲ್ಲು ಗೀಸ್ಟೆಲ್ಲು ಏನಿಲ್ಲ. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಆಫ್ರಿಕಾ ಮೂಲದ ಸಿದ್ದಿಗಳು 2003ರಲ್ಲಿ ಎಸ್‌ಟಿ ಪಟ್ಟಿಗೆ ಸೇರಿದ್ಮೇಲೆ ಸೌಲಭ್ಯ ಸಿಗೋಕೆ ಶುರುವಾಯ್ತಲ್ಲ, ಆ ಥರದ ಪಟ್ಟಿ ಅಲ್ಲಿ ಇಲ್ಲವೇ ಇಲ್ಲ. ನ್ಯೂ ಮೆಕ್ಸಿಕೋ ಶಾಸನಸಭೆ 1999ರಲ್ಲಿ ಕಾನೂನು ಮಾಡಿ ತೆರೆದ ಪುಟ್ಟ ಆಫೀಸ್ ಅದು, ಕಪ್ಪು ಜನರ ಕಷ್ಟ ಏನು ಅಂತ ಮಾಹಿತಿ ಸೇರಿಸೋದು, ದೊಡ್ಡ ಇಲಾಖೆಗಳ ಬೆನ್ನು ಹತ್ತೋದು, ಸರ್ಕಾರಕ್ಕೆ ಸಲಹೆ ಕೊಡೋದು, ಇಷ್ಟೇ ಕೆಲಸ.

ಜನ ಕಡಿಮೆ ಇರೋದಕ್ಕೇ ಆಫೀಸ್ ಬೇಕು ಅನ್ನೋದು ನನ್ನ ಅಭಿಪ್ರಾಯ. ನೋಡಿ, ಅಮೆರಿಕದಲ್ಲಿ ಕಪ್ಪು ತಾಯಂದಿರಿಗೆ ಹುಟ್ಟಿದ ಕೂಸುಗಳು ವರ್ಷ ತುಂಬೋದ್ರೊಳಗೆ ತೀರಿಕೊಳ್ಳೋ ಪ್ರಮಾಣ ಬಿಳಿಯರದ್ದಕ್ಕಿಂತ ಎರಡು ಪಟ್ಟು, ಆದ್ರೆ ನೂರಕ್ಕೆ ಇಬ್ಬರಿರೋ ರಾಜ್ಯದಲ್ಲಿ ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದ್ರೆ ಆ ವ್ಯತ್ಯಾಸ ಎಲ್ಲಿ ಕಾಣ್ಬೇಕು? ಬೇರೆ ಲೆಕ್ಕ ಕೊಡಿ ಅಂತ ಕೇಳೋಕೆ ಒಬ್ಬರು ಇರಬೇಕಲ್ವಾ. ಹಿಸ್ಪಾನಿಕ್ಕರು, ಅಂದ್ರೆ ಸ್ಪ್ಯಾನಿಷ್ ಭಾಷೆಯ ಹಿನ್ನೆಲೆಯವರು, ಅಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟಿದ್ದಾರೆ, ಮೂಲನಿವಾಸಿಗಳಿಗೆ ಮೊದಲಿಂದ್ಲೂ ಬೇರೆ ವ್ಯವಸ್ಥೆ ಇದೆ, ದನಿ ಇಲ್ಲದೆ ಉಳಿಯೋರಲ್ಲಿ ಈ ಕಪ್ಪು ಜನರೂ ಸೇರ್ತಾರೆ.

ಹಾಗಂತ ನಿನ್ನೆ ಮೊನ್ನೆ ಬಂದವರೂ ಅಲ್ಲ. ಅದೇ ರಾಜ್ಯದ ರಾಸ್‌ವೆಲ್ ಊರಿನ ಹತ್ರ ಫ್ರಾಂಕ್ ಬೋಯರ್ ಅನ್ನೋರು ಇನ್ನೂ ಕೆಲವರ ಜೊತೆ ಸೇರಿ 1903ರ ಸುಮಾರಿಗೆ ಬ್ಲ್ಯಾಕ್‌ಡಮ್ ಅಂತ ಕಪ್ಪು ರೈತರ ಊರನ್ನೇ ಕಟ್ಟೋಕೆ ಹೊರಟರು, ಈ ಮನುಷ್ಯ ಜಾರ್ಜಿಯಾದಿಂದ ಅಲ್ಲೀತನಕ ನಡ್ಕೊಂಡೇ ಬಂದಿದ್ರು ಅಂತಾರೆ. ಅಂಚೆ ಕಚೇರಿ, ಶಾಲೆ ಎಲ್ಲಾ ಆಯ್ತು, ಆಮೇಲೆ ಮಳೆ ಕೈಕೊಡ್ತು, ನೀರಿಲ್ಲ, 1920ರ ದಶಕದಲ್ಲಿ ಊರೇ ಖಾಲಿ.

ಬೇರೆ ರಾಜ್ಯಗಳಲ್ಲೂ ಇಂಥ ಆಫೀಸು, ಆಯೋಗಗಳಿವೆ. ಮಿನ್ನೆಸೋಟದಲ್ಲಿ 1980ರಿಂದ, ವಾಷಿಂಗ್ಟನ್ ರಾಜ್ಯದಲ್ಲಿ 1992ರಿಂದ. ನೆಬ್ರಾಸ್ಕಾದ್ದು ವಿಚಿತ್ರ, ಅಲ್ಲಿ ಮೂಲನಿವಾಸಿಗಳಿಗೆ 1971ರಲ್ಲೇ ಆಯೋಗ ಆಯ್ತು, ಲ್ಯಾಟಿನೋಗಳಿಗೆ (ಲ್ಯಾಟಿನ್ ಅಮೆರಿಕ ಮೂಲದವರಿಗೆ) 1972ರಲ್ಲಿ, ಆಫ್ರಿಕನ್ ಅಮೆರಿಕನ್ನರಿಗೆ ಮಾತ್ರ 2020ರಲ್ಲಿ!

ಇವುಗಳಿಂದ ಎಷ್ಟು ಉಪಯೋಗ ಆಗುತ್ತೆ ಅನ್ನೋದು ಬಜೆಟ್ ಮೇಲೆ, ಕುರ್ಚೀಲಿ ಕೂತವರ ಮೇಲೆ ಹೋಗುತ್ತೆ. ಕಾನೂನಲ್ಲಿ ಹುಟ್ಟಿದ್ದನ್ನ ಕಾನೂನಲ್ಲೇ ಮುಚ್ಚಬಹುದು ಕೂಡ, ಕನೆಕ್ಟಿಕಟ್‌ನವರು 1997ರಲ್ಲಿ ಆಫ್ರಿಕನ್ ಅಮೆರಿಕನ್ನರಿಗೆ ಮಾಡಿದ ಆಯೋಗವನ್ನ 2016ರಲ್ಲಿ ಲ್ಯಾಟಿನೋ, ಏಷ್ಯನ್ನರ ಆಯೋಗಗಳ ಜೊತೆ ಸೇರಿಸಿ ಒಂದೇ ಮಾಡಿಬಿಟ್ರು.