ಇಂಟೀರಿಯರ್ ಡಿಸೈನ್ ಓದುವ ಮಗಳಿಗೆ ಯಾವ ಡೆಸ್ಕ್‌ಟಾಪ್, ಯಾವ ಗ್ರಾಫಿಕ್ಸ್ ಕಾರ್ಡ್ ಕೊಡಿಸಲಿ?

ನಮಸ್ಕಾರ ಸರ್. ಮಗಳು ಬೆಂಗಳೂರಿನಲ್ಲಿ ಇಂಟೀರಿಯರ್ ಡಿಸೈನ್‌ಗೆ ಸೇರಿದ್ದಾಳೆ, ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಾಳೆ ಅಂತ ಬರೆದಿದ್ದೀರಿ. ಅಂಗಡಿಯವರ ಕೊಟೇಶನ್‌ನಲ್ಲಿ ಐ9 ಪ್ರೊಸೆಸರ್, 16 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ, ಎಲ್ಲಾ ಸೇರಿ ಒಂದೂವರೆ ಲಕ್ಷ, ಇದು ಸರಿಯಾ, ಇಲ್ಲ ಲ್ಯಾಪ್‌ಟಾಪೇ ವಾಸಿಯಾ ಅಂತ ಕೇಳಿದ್ದೀರಿ. ನಾನು ಒಂದು ಡಿಸೈನ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸಬ್ಮಿಷನ್ ಹಿಂದಿನ ರಾತ್ರಿ ಯಾವ ಮೆಷಿನ್ ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ.

ಆ ಕೊಟೇಶನ್‌ನಲ್ಲಿ ದುಡ್ಡು ಪ್ರೊಸೆಸರ್ ಮೇಲೆ ಸುರಿದಿದೆ. ಅಷ್ಟು ಅಲ್ಲಿ ಬೇಕಿಲ್ಲ. ಅದರಲ್ಲಿ ಒಂದು ಪಾಲನ್ನು ರ‍್ಯಾಮ್, ಕಾರ್ಡಿನ ಮೆಮೊರಿ ಮತ್ತು ಮಾನಿಟರ್ ಕಡೆ ತಿರುಗಿಸಿ.

ಅವಳು ದಿನಾ ಏನು ಮಾಡುತ್ತಾಳೆ ಅಂತ ಮೊದಲು ನೋಡೋಣ. ಮೊದಲ ವರ್ಷ ಜಾಸ್ತಿ ಕೈಯಿಂದಲೇ ಡ್ರಾಯಿಂಗ್, ಜೊತೆಗೆ ಆಟೋಕ್ಯಾಡ್‌ನಲ್ಲಿ ಪ್ಲ್ಯಾನ್, ಎಲಿವೇಶನ್, ಸೆಕ್ಷನ್. ಇದಕ್ಕೆ ಗ್ರಾಫಿಕ್ಸ್ ಕಾರ್ಡಿನ ಅಗತ್ಯವೇ ಇಲ್ಲ. ಆಮೇಲೆ 3ಡಿ ಮಾಡೆಲ್ ಕಟ್ಟುವ ಸ್ಕೆಚ್‌ಅಪ್ ಬರುತ್ತದೆ, ಕೆಲವು ಕಾಲೇಜುಗಳಲ್ಲಿ 3ಡಿಎಸ್ ಮ್ಯಾಕ್ಸ್ ಅಥವಾ ರೆವಿಟ್. ಮಾಡೆಲ್ ಕಟ್ಟುವ ಕೆಲಸ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ (ಅದರೊಳಗಿನ ಒಂದು ಘಟಕ) ಮೇಲೆ ನಡೆಯುತ್ತದೆ. ಐ9ರಲ್ಲಿ ಎಷ್ಟೇ ಕೋರ್ ಇರಲಿ, ಆಟೋಕ್ಯಾಡ್ ಅವುಗಳಲ್ಲಿ ಹೆಚ್ಚಿನವನ್ನು ಮುಟ್ಟುವುದೂ ಇಲ್ಲ. ಒಳ್ಳೆಯ ಐ5 ಅಥವಾ ರೈಜೆನ್ 5 ಇದ್ದರೆ ಈ ಕೆಲಸ ಆರಾಮಾಗಿ ಸಾಗುತ್ತದೆ. ಇನ್ನೊಂದು ವಿಷಯ, ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಐ7, ಐ9ಗಳಲ್ಲಿ ವೋಲ್ಟೇಜ್ ತೊಂದರೆಯಿಂದ ಮೆಷಿನ್ ಕ್ರ್ಯಾಶ್ ಆಗುತ್ತಿತ್ತು. 2024ರಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು ಬಯಾಸ್ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ಚಿಪ್‌ಗಳನ್ನೇ ತಗೊಂಡರೆ ಬಯಾಸ್ ಹೊಸದು ಹಾಕಿಸಿಯೇ ಮನೆಗೆ ತನ್ನಿ.

ಕಾರ್ಡ್ ಬೇಕಾಗುವುದು ರೆಂಡರ್‌ಗೆ, ಅಂದರೆ ಮಾಡೆಲ್ಲನ್ನು ಫೋಟೋದಂಥ ಚಿತ್ರ ಮಾಡುವುದಕ್ಕೆ. ಲುಮಿಯಾನ್, ಎನ್‌ಸ್ಕೇಪ್, ಡಿ5 ರೆಂಡರ್, ಟ್ವಿನ್‌ಮೋಷನ್ ಇವೆಲ್ಲಾ ಗ್ರಾಫಿಕ್ಸ್ ಕಾರ್ಡನ್ನೇ ನಂಬಿಕೊಂಡಿರುವ ಸಾಫ್ಟ್‌ವೇರ್‌ಗಳು. ಬ್ಲೆಂಡರ್ ಪ್ರೊಸೆಸರ್ ಮೇಲೂ ರೆಂಡರ್ ಮಾಡುತ್ತದೆ, ಆದರೆ ಕಾರ್ಡ್ ಇದ್ದರೆ ಎಷ್ಟೋ ಬೇಗ ಮುಗಿಸುತ್ತದೆ. ಇಂಟೀರಿಯರ್ ವಿದ್ಯಾರ್ಥಿಗೆ ಕಾರ್ಡ್ ಬೇಕೇ ಬೇಕು. ನಿಮ್ಮ ಮಗಳು ಲೋಗೋ, ಪೋಸ್ಟರ್, ಪುಸ್ತಕದ ಲೇಔಟ್ ಮಾಡುವ ಗ್ರಾಫಿಕ್ ಡಿಸೈನ್ ಓದುತ್ತಿದ್ದರೆ, ಸದ್ಯಕ್ಕೆ ಕಾರ್ಡ್ ಬೇಡ, ಆ ದುಡ್ಡಲ್ಲಿ ಒಳ್ಳೆಯ ಮಾನಿಟರ್ ತಗೊಳ್ಳಿ ಅನ್ನುತ್ತಿದ್ದೆ.

ಈಗ ಮುಖ್ಯವಾದ ಮಾತು, ಕಾರ್ಡಿನ ಮೆಮೊರಿ. ಇದನ್ನು ವಿರ‍್ಯಾಮ್ ಅನ್ನುತ್ತಾರೆ. ಅವಳು ಒಂದು ಲಿವಿಂಗ್ ರೂಮ್ ರೆಂಡರ್ ಮಾಡುತ್ತಾಳೆ ಅಂದುಕೊಳ್ಳಿ. ನೆಲಕ್ಕೆ ಒಂದು ತೇಗದ ಮರದ ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಹಾಕುತ್ತಾಳೆ, 4ಕೆ ಗಾತ್ರದ್ದು. ಅಂದರೆ 4096 ಅಡ್ಡ, 4096 ಉದ್ದ, ಒಟ್ಟು 1 ಕೋಟಿ 67 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 4 ಬೈಟ್ ಹಿಡಿದರೆ, ಕುಗ್ಗಿಸದೆ ಇಟ್ಟಾಗ 64 ಎಂಬಿ ಆಗುತ್ತದೆ. ಜೆಪೆಗ್ ಫೈಲ್ ಡಿಸ್ಕ್‌ನಲ್ಲಿ ಎಷ್ಟೇ ಚಿಕ್ಕದಿರಲಿ, ಮೆಮೊರಿಯೊಳಗೆ ಬಿಚ್ಚಿಕೊಂಡಾಗ ಇಷ್ಟು ಜಾಗ ಬೇಕು. ಒಂದು ಮರದ ಮೆಟೀರಿಯಲ್‌ಗೆ ಒಂದೇ ಚಿತ್ರ ಸಾಕಾಗುವುದಿಲ್ಲ. ಬಣ್ಣಕ್ಕೊಂದು, ಹೊಳಪಿಗೊಂದು, ಉಬ್ಬುತಗ್ಗಿಗೊಂದು ಬೇಕು. ಮೂರು ಸೇರಿ 192 ಎಂಬಿ. ಸೋಫಾ ಬಟ್ಟೆ, ಕಾರ್ಪೆಟ್, ಗೋಡೆ, ಗ್ರಾನೈಟ್, ಪರದೆ ಅಂತ ಇಪ್ಪತ್ತು ಮೆಟೀರಿಯಲ್ ಆದರೆ ಪೌಣೆ ನಾಲ್ಕು ಜಿಬಿ ಟೆಕ್ಸ್ಚರ್‌ಗೇ ಹೋಯಿತು. ಮೇಲೆ ಇಂಟರ್ನೆಟ್‌ನಿಂದ ಇಳಿಸಿಕೊಂಡ ಸೋಫಾ, ಗಿಡ, ತೂಗುದೀಪಗಳು. ಒಂದೊಂದರಲ್ಲೂ ಲಕ್ಷಗಟ್ಟಲೆ ಪಾಲಿಗಾನ್ (ಆಕಾರ ಕಟ್ಟುವ ಸಣ್ಣ ಸಣ್ಣ ಮುಖಗಳು) ಇರುತ್ತವೆ. ವಿಂಡೋಸ್ ಮತ್ತು ಮಾನಿಟರ್ ಕೂಡ ಸ್ವಲ್ಪ ಜಾಗ ತಿನ್ನುತ್ತವೆ. 8 ಜಿಬಿ ತುಂಬಲು ಎಷ್ಟು ಹೊತ್ತು ಬೇಕು ಹೇಳಿ?

ತುಂಬಿದಾಗ ರೆಂಡರ್ ಒಂದೋ ಆಮೆಯ ಹಾಗೆ ತೆವಳುತ್ತದೆ, ಇಲ್ಲವೇ ಮೆಮೊರಿ ಸಾಲದು ಅಂತ ನಿಂತೇ ಹೋಗುತ್ತದೆ. ಆಗ ಕಾರ್ಡಿನ ವೇಗ ಕೆಲಸಕ್ಕೆ ಬರುವುದಿಲ್ಲ. ಇದಕ್ಕೇ ನಾನು ಪೋಷಕರಿಗೆ ಹೇಳುವುದು: ಮಾಡೆಲ್ ನಂಬರ್‌ಗಿಂತ ಮೊದಲು ಜಿಬಿ ನೋಡಿ. ಇಂಟೀರಿಯರ್‌ಗೆ 12 ಜಿಬಿ ಇದ್ದರೆ ಒಳ್ಳೆಯದು, 16 ಜಿಬಿ ಸಿಕ್ಕರೆ ಡಿಗ್ರಿ ಮುಗಿಯುವ ತನಕ ಚಿಂತೆ ಇಲ್ಲ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಹಳೆಯದಾದರೂ 12 ಜಿಬಿ ಇರುವುದರಿಂದಲೇ ವಿದ್ಯಾರ್ಥಿಗಳು ಇನ್ನೂ ಅದನ್ನು ಹುಡುಕುತ್ತಾರೆ. 2023ರ ಆರ್‌ಟಿಎಕ್ಸ್ 4060 ಅದಕ್ಕಿಂತ ಚುರುಕು, ಕರೆಂಟೂ ಕಡಿಮೆ ಎಳೆಯುತ್ತದೆ, ಆದರೆ 8 ಜಿಬಿ ಮಾತ್ರ. ನಿಮ್ಮ ಬಜೆಟ್‌ನಲ್ಲಿ 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದ್ದು ಕೂಡಿಸಲು ಆದರೆ ನಾನು ಅದನ್ನೇ ಆರಿಸುತ್ತೇನೆ. ಆಗದಿದ್ದರೆ 8 ಜಿಬಿ ಕಾರ್ಡಿನಲ್ಲೇ ಅವಳು ಓದು ಮುಗಿಸಬಹುದು, ಭಯ ಬೇಡ. ದೂರದ ವಸ್ತುಗಳಿಗೆ 4ಕೆ ಬದಲು 1ಕೆ ಟೆಕ್ಸ್ಚರ್ ಹಾಕಿದರೆ ಜಾಗ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಅವಳು ಹೇಗೂ ಕಲಿಯಲೇಬೇಕು.

ಹೆಸರಿನ ವಿಷಯದಲ್ಲಿ ಹುಷಾರು. 5060 ಟಿಐ ಅನ್ನುವ ಒಂದೇ ಹೆಸರಲ್ಲಿ 8 ಜಿಬಿ, 16 ಜಿಬಿ ಎರಡೂ ಬರುತ್ತವೆ. 3060ಗೂ 8 ಜಿಬಿಯ ಒಂದು ಮಾದರಿ ಇದೆ. 3050ಯಲ್ಲಿ 8 ಜಿಬಿ, 6 ಜಿಬಿ ಅಂತ ಇದೆ, ಆ 6 ಜಿಬಿಯದ್ದು ಮೆಮೊರಿಯಲ್ಲಿ ಮಾತ್ರ ಅಲ್ಲ, ಶಕ್ತಿಯಲ್ಲೂ ಕಡಿಮೆ. ಬಿಲ್‌ನಲ್ಲಿ ಬರೀ ‘ಗ್ರಾಫಿಕ್ಸ್ ಕಾರ್ಡ್ 8 ಜಿಬಿ’ ಅಂತ ಬರೆದಿದ್ದರೆ ಒಪ್ಪಬೇಡಿ. ಪೂರ್ತಿ ಹೆಸರು, ಜಿಬಿ, ಸೀರಿಯಲ್ ನಂಬರ್ ಬರೆಸಿ. ಇನ್ನೂ ಕೆಲವು ಕಡೆ ಜಿಟಿ 730ರಂಥ 2014ರ ಕಾರ್ಡನ್ನು ‘4 ಜಿಬಿ ಕಾರ್ಡ್’ ಅಂತ ಮಾರುತ್ತಾರೆ. ಜಿಬಿ ಇದ್ದರೂ ಅದು ರೆಂಡರ್‌ಗೆ ಪ್ರಯೋಜನ ಇಲ್ಲ.

ಎಎಂಡಿಯ ರೇಡಿಯಾನ್ ಕಾರ್ಡುಗಳಲ್ಲಿ ಅದೇ ದುಡ್ಡಿಗೆ ಜಾಸ್ತಿ ವಿರ‍್ಯಾಮ್ ಸಿಗುವುದುಂಟು. ಆದರೂ ವಿದ್ಯಾರ್ಥಿಗೆ ಎನ್ವಿಡಿಯಾ ಹೇಳುತ್ತೇನೆ. ವಿ-ರೇಯಂಥ ರೆಂಡರ್‌ಗಳ ಜಿಪಿಯು ಭಾಗ ಬೆಳೆದದ್ದೇ ಎನ್ವಿಡಿಯಾ ಕಾರ್ಡುಗಳ ಕುಡಾ ಅನ್ನುವ ತಂತ್ರಜ್ಞಾನದ ಮೇಲೆ. ಲೆಕ್ಚರರ್ ಹೇಳಿಕೊಡುವ ಸೆಟ್ಟಿಂಗ್, ಯೂಟ್ಯೂಬ್‌ನಲ್ಲಿ ತೋರಿಸುವ ಸೆಟ್ಟಿಂಗ್ ಅವಳ ಮೆಷಿನ್‌ನಲ್ಲೂ ಇದ್ದರೆ ಕಲಿಯುವುದು ಸುಲಭ ಅಲ್ವಾ? ಕಾರ್ಡ್ ಹಾಕಿಸಿದ ಮೇಲೆ ಗೇಮ್ ರೆಡಿ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಬದಲು ಸ್ಟುಡಿಯೋ ಡ್ರೈವರ್ ಹಾಕಿಕೊಳ್ಳಲಿ, ಅದೂ ಉಚಿತವೇ. ಆರ್ಕಿಟೆಕ್ಟ್ ಆಫೀಸಿನವರು ಬಳಸುವ ದುಬಾರಿ ವರ್ಕ್‌ಸ್ಟೇಷನ್ ಕಾರ್ಡುಗಳ ಗೋಜಿಗೆ ಹೋಗಬೇಡಿ.

ರ‍್ಯಾಮ್ 32 ಜಿಬಿ ಮಾಡಿಸಿ. ಒಂದೇ ಸ್ಟಿಕ್ ಬೇಡ, 16ರ ಎರಡು ಇರಲಿ. ಒಂದೇ ಸ್ಟಿಕ್ ಹಾಕಿದರೆ ಮೆಮೊರಿಯ ಒಂದೇ ದಾರಿ ತೆರೆದಿರುತ್ತದೆ, ಮೆಮೊರಿಯ ವೇಗ ಅರ್ಧಕ್ಕೆ ಇಳಿಯುತ್ತದೆ. ದುಡ್ಡು ಸಾಲದಿದ್ದರೆ 8ರ ಎರಡರಿಂದ ಶುರು ಮಾಡಿ, ಆದರೆ ಮದರ್‌ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇರಲಿ. ಸ್ಟೋರೇಜ್‌ಗೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಇದು ವೇಗದ ಡಿಸ್ಕ್. ಜೊತೆಗೆ ಬ್ಯಾಕಪ್‌ಗೆ ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಡಿಸಿ. ಡಿಸ್ಕ್ ಹೋದರೆ ಒಂದು ಸೆಮಿಸ್ಟರ್ ಕೆಲಸ ಹೋಗುತ್ತದೆ.

ಅಂಗಡಿಯವರು ಸುಮ್ನೆ ದುಡ್ಡು ಉಳಿಸಿಕೊಳ್ಳುವ ಜಾಗ ಅಂದರೆ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ. ದೀಪ ಮಿನುಗುವ ಕ್ಯಾಬಿನೆಟ್ ಕೊಟ್ಟು, ಒಳಗೆ ಹೆಸರಿಲ್ಲದ ಪವರ್ ಸಪ್ಲೈ ಇಟ್ಟುಬಿಡುತ್ತಾರೆ. 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ವ್ಯರ್ಥ ಮಾಡುವ ಗುರುತು) ಇರುವ, ಒಳ್ಳೆಯ ಕಂಪನಿಯ 650 ವ್ಯಾಟ್‌ನದ್ದು ಕೇಳಿ. ಮನೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದ್ದರೆ ಯುಪಿಎಸ್ ಬೇಕು. ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ತಾಳುವುದು 360 ವ್ಯಾಟ್ ಅಷ್ಟೇ. 180 ವ್ಯಾಟ್‌ನ 5060 ಟಿಐ, ಪ್ರೊಸೆಸರ್, ಮಾನಿಟರ್ ಎಲ್ಲಾ ಒಟ್ಟಿಗೆ ದುಡಿಯುವಾಗ ಅದು ತೀರಾ ಅಂಚಿಗೆ ಬರುತ್ತದೆ. 1000 ವಿಎ ತಗೊಳ್ಳಿ.

ಮಾನಿಟರ್ ‘ಫ್ರೀ’ ಅಂದರೆ ಬೇಡ ಅನ್ನಿ. ಬಣ್ಣ ಸರಿಯಾಗಿ ತೋರಿಸುವ ಐಪಿಎಸ್ ಪ್ಯಾನೆಲ್ ಇರಬೇಕು, ಎಸ್‌ಆರ್‌ಜಿಬಿ (ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ) 100 ಶೇಕಡಾದ ಹತ್ತಿರ ಇರಬೇಕು. 24 ಇಂಚಿಗೆ ಫುಲ್ ಎಚ್‌ಡಿ ಸಾಕು. 27 ಇಂಚು ತಗೊಂಡರೆ 1440ಪಿ ಇರಲಿ, ಇಲ್ಲದಿದ್ದರೆ ಪ್ಲ್ಯಾನ್‌ನ ಸಣ್ಣ ಗೆರೆಗಳು ಒರಟಾಗಿ ಕಾಣುತ್ತವೆ. ಬಣ್ಣ ಸುಳ್ಳು ಹೇಳುವ ಮಾನಿಟರ್ ನೋಡಿ ಎ1 ಶೀಟ್ ಪ್ರಿಂಟ್ ಹಾಕಿಸಿದ ಮಕ್ಕಳ ಮುಖ ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ವಾರಗಟ್ಟಲೆ ಕೂತು ಆರಿಸಿದ ಬಣ್ಣ ಕಾಗದದ ಮೇಲೆ ಬೇರೆಯೇ ಆಗಿರುತ್ತದೆ. ಹಾಗೇ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡ್‌ಗೆ ಚುಚ್ಚದೆ ಕಾರ್ಡಿಗೇ ಚುಚ್ಚಲು ಹೇಳಿ. ಮದರ್‌ಬೋರ್ಡ್‌ಗೆ ಚುಚ್ಚಿ, ಕಾರ್ಡ್ ಕೆಲಸ ಮಾಡುತ್ತಿಲ್ಲ ಅಂತ ನನ್ನ ಹತ್ತಿರ ಬರುವವರು ತುಂಬಾ ಜನ.

ಹೀಗೆಯೇ ಬರುವ ಇನ್ನೊಂದು ದೂರು, ಫೋಟೋಶಾಪ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುವುದು. ಅದಕ್ಕೂ ಕಾರ್ಡಿಗೂ ಸಂಬಂಧ ಇಲ್ಲ. ಹಳೆಯ ಆವೃತ್ತಿಯಾದರೆ ಅಕ್ಷರ ಜೋಡಿಸುವ ಆಯ್ಕೆಯನ್ನು ವರ್ಲ್ಡ್-ರೆಡಿಗೆ ಬದಲಿಸಿ, ಯೂನಿಕೋಡ್ ಫಾಂಟ್ ಬಳಸಿದರೆ ಸರಿಹೋಗುತ್ತದೆ.

ಲ್ಯಾಪ್‌ಟಾಪ್ ಬಗ್ಗೆ. ಪಿಜಿಯಲ್ಲಿ ಇದ್ದಿದ್ದರೆ, ಅಥವಾ ಕಾಲೇಜಿನವರು ದಿನಾ ಸ್ಟುಡಿಯೋಗೆ ತರಲೇಬೇಕು ಅಂದಿದ್ದರೆ ಬೇರೆ ದಾರಿ ಇಲ್ಲ. ಇಲ್ಲವಾದರೆ ಡೆಸ್ಕ್‌ಟಾಪೇ ಸರಿ. ಒಂದೇ ಹೆಸರಿನ ಕಾರ್ಡ್ ಲ್ಯಾಪ್‌ಟಾಪ್‌ನಲ್ಲಿ ಬೇರೆಯೇ ಆಗಿರುತ್ತದೆ. ಡೆಸ್ಕ್‌ಟಾಪಿನ 4070ಯಲ್ಲಿ 12 ಜಿಬಿ, ಲ್ಯಾಪ್‌ಟಾಪಿನ 4070ಯಲ್ಲಿ 8 ಜಿಬಿ. ಮ್ಯಾಕ್ ಬೇಡ, 3ಡಿಎಸ್ ಮ್ಯಾಕ್ಸ್ ಮತ್ತು ರೆವಿಟ್ ಅದರಲ್ಲಿ ನೇರವಾಗಿ ಓಡುವುದಿಲ್ಲ.

ಮಗಳು ಬೆಂಗಳೂರಿನಲ್ಲೇ ಇರುವುದರಿಂದ, ಕಂಪ್ಯೂಟರ್ ಅಂಗಡಿಗಳು ಸಾಲಾಗಿರುವ ಎಸ್‌.ಪಿ. ರಸ್ತೆಗೆ ಒಮ್ಮೆ ಹೋಗಿ. ಒಂದೇ ಪಟ್ಟಿ ಹಿಡಿದು ಮೂರ್ನಾಲ್ಕು ಅಂಗಡಿಯಲ್ಲಿ ಕೇಳಿ. ಜಿಎಸ್‌ಟಿ ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅಂದರೆ ಒಪ್ಪಬೇಡಿ, ಮುಂದೆ ವಾರಂಟಿಗೆ ಆ ಬಿಲ್ಲೇ ಆಧಾರ. ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳುವುದಾದರೆ ಅಲ್ಲೇ ಮೆಷಿನ್‌ಗೆ ಹಾಕಿಸಿ, ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿ. ಹಳೆ ಚಿಪ್‌ಗೆ ಹೊಸ ಹೆಸರು ಹಚ್ಚಿದ್ದರೆ ಅದರಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸಾಫ್ಟ್‌ವೇರ್‌ಗಳಲ್ಲಿ ಹಲವಕ್ಕೆ ದುಡ್ಡು ತೆಗೆದಿಡಬೇಕಿಲ್ಲ. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಆಟೋಕ್ಯಾಡ್, ಮ್ಯಾಕ್ಸ್, ರೆವಿಟ್ ಉಚಿತವಾಗಿ ಕೊಡುತ್ತದೆ, ಬ್ಲೆಂಡರ್ ಎಲ್ಲರಿಗೂ ಉಚಿತ. ಅಂಗಡಿಯವರು ಕ್ರ್ಯಾಕ್ ಮಾಡಿದ್ದು ಹಾಕಿಕೊಡುತ್ತೇವೆ ಅಂದರೆ ಬೇಡ ಅನ್ನಿ, ವೈರಸ್ ಬರುವುದೇ ಅಲ್ಲಿಂದ.

ಕೊಳ್ಳುವ ಮೊದಲು ಮಗಳ ಹತ್ತಿರ ಎರಡನೇ, ಮೂರನೇ ವರ್ಷದ ಸೀನಿಯರ್‌ಗಳನ್ನು ಕೇಳಿಸಿ, ಅವರು ಯಾವ ರೆಂಡರ್ ಬಳಸುತ್ತಾರೆ ಅಂತ. ಆ ಹೆಸರುಗಳನ್ನೂ ಹೊಸ ಕೊಟೇಶನ್ನನ್ನೂ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ ಸರ್, ಒಂದೊಂದು ಸಾಲೂ ನೋಡಿ ಹೇಳುತ್ತೇನೆ.