ಮೈಕ್ರೋವೇವ್ ಓವನ್ನಿನಲ್ಲಿ ಅಡುಗೆ: ಹೆದರಬೇಕಾದದ್ದು ಯಾವುದಕ್ಕೆ?

ತಾವು ಹುಬ್ಬಳ್ಳಿಯಲ್ಲಿ ಹೊಸದಾಗಿ ಮನೆ ಹೂಡಿ ಮೈಕ್ರೋವೇವ್ ಓವನ್ ಕೊಂಡಿರುವುದಾಗಿಯೂ, ಅದರ ಕಿರಣ ಊಟದಲ್ಲಿ ಉಳಿದುಬಿಡುತ್ತದೆ ಎಂದು ಅತ್ತೆಯವರು ಹೆದರುತ್ತಿರುವುದಾಗಿಯೂ ಬರೆದಿದ್ದೀರಿ. ಅದರಲ್ಲಿ ಅಡುಗೆ ಮಾಡಬಹುದೇ, ಯಾವ ಪಾತ್ರೆ ಇಡಬೇಕು ಎಂದು ಕೇಳಿದ್ದೀರಿ. ಧಾರವಾಡದ ನಮ್ಮ ಮನೆಯಲ್ಲಿ ಹದಿಮೂರು ವರ್ಷಗಳಿಂದ ಈ ಯಂತ್ರವಿದೆ. ಧಾರಾಳವಾಗಿ ಮಾಡಬಹುದು. ನಿಮ್ಮ ಅತ್ತೆಯವರು ಹೆದರುವ ಸಂಗತಿಗೆ ನಾನು ಹೆದರುವುದಿಲ್ಲವಾದರೂ, ಬಿಸಿ ಎಲ್ಲಿ ತಲುಪಿದೆ, ಎಲ್ಲಿ ತಲುಪಿಲ್ಲ ಎಂಬುದು ಕಣ್ಣಿಗೆ ಕಾಣದ ಕಾರಣ ಅಷ್ಟರ ಮಟ್ಟಿಗೆ ಇವತ್ತಿಗೂ ಹುಷಾರಾಗಿರುತ್ತೇನೆ.

ಮೊದಲು ಕಿರಣದ ಮಾತು. ಓವನ್ನಿನೊಳಗಿನ ಮ್ಯಾಗ್ನೆಟ್ರಾನ್ ಸುಮಾರು 2450 ಮೆಗಾಹರ್ಟ್ಸ್ ಆವರ್ತನದ ಅಲೆಗಳನ್ನು ಹೊರಡಿಸುತ್ತದೆ. ಇವು ರೇಡಿಯೋ ಅಲೆಗಳ ಬಳಗದವು. ಎಕ್ಸ್-ರೇಗೆ ಇರುವಂಥ ಶಕ್ತಿ ಇವಕ್ಕಿಲ್ಲ. ಆಹಾರದಲ್ಲಿರುವ ನೀರಿನ ಕಣಗಳನ್ನು ಅಲುಗಾಡಿಸಿ ಬಿಸಿ ಹುಟ್ಟಿಸುತ್ತವೆ, ದೀಪ ಆರಿಸಿದರೆ ಬೆಳಕು ಹೋಗುವಂತೆ ಯಂತ್ರ ನಿಂತೊಡನೆ ಇಲ್ಲವಾಗುತ್ತವೆ. ಬಾಗಿಲಿನ ಗಾಜಿನ ಹಿಂದೆ ಸಣ್ಣ ತೂತುಗಳ ಲೋಹದ ಜಾಲರಿ ಕಾಣುತ್ತದಲ್ಲವೇ, ಸುಮಾರು 12 ಸೆಂಟಿಮೀಟರ್ ಉದ್ದದ ಅಲೆ ಆ ತೂತುಗಳನ್ನು ದಾಟಿ ಬರಲಾರದು. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಮಾತ್ರ ರಿಪೇರಿಯಾಗುವ ತನಕ ಬಳಸಬೇಡಿ. ರಿಪೇರಿಯನ್ನೂ ಬಲ್ಲವರಿಗೇ ಬಿಡಿ, ಏಕೆಂದರೆ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

ಬಿಸಿಯ ವಿಷಯ ನನಗೆ ಅರ್ಥವಾದದ್ದು ಒಂದು ಬಟ್ಟಲು ಎಣ್ಣೆಗಾಯಿಯಿಂದ. ಫ್ರಿಜ್ಜಿನಲ್ಲಿದ್ದ ಬದನೆಕಾಯಿ ಎಣ್ಣೆಗಾಯಿಯನ್ನು ಎರಡು ನಿಮಿಷ ಇಟ್ಟು ತೆಗೆದಾಗ ಅಂಚಿನಲ್ಲಿ ಎಣ್ಣೆ ಕೊತಕೊತ ಕುದಿಯುತ್ತಿತ್ತು, ಬಟ್ಟಲು ಮುಟ್ಟಿದರೆ ಕೈ ಸುಡುತ್ತಿತ್ತು. ರೊಟ್ಟಿ ಮುರಿದು ನಡುವಿನ ಬದನೆಕಾಯಿಯನ್ನು ಬಿಡಿಸಿದರೆ ಒಳಗಿನ ಶೇಂಗಾ-ಗುರೆಳ್ಳಿನ ಮಸಾಲೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದಂತೆ ತಣ್ಣಗೆ ಕೂತಿತ್ತು. ಅಲೆಗಳು ಆಹಾರದೊಳಕ್ಕೆ ಕೆಲವೇ ಸೆಂಟಿಮೀಟರ್ ಇಳಿಯುತ್ತವೆ. ಅದರಾಚೆಗೆ ಬಿಸಿ ನಿಧಾನವಾಗಿ ತಾನೇ ಹರಡಬೇಕು. ಒಳಗಿನ ತಟ್ಟೆ ತಿರುಗುವುದರಿಂದ ಈ ಏರುಪೇರು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಪಲ್ಯವನ್ನು ಗುಡ್ಡೆ ಹಾಕದೆ ಅಗಲವಾಗಿ ಹರಡಿ, ಉಗಿ ಹೋಗಲು ಸಂದಿ ಬಿಟ್ಟು ಮುಚ್ಚಿ, ಅರ್ಧಕ್ಕೆ ನಿಲ್ಲಿಸಿ ಚೆನ್ನಾಗಿ ಕಲಸಿ, ಮುಗಿದ ಮೇಲೆ ಎರಡು ನಿಮಿಷ ಹಾಗೆಯೇ ಬಿಡಬೇಕು. ಆ ಎರಡು ನಿಮಿಷವೂ ಅಡುಗೆಯ ಭಾಗವೇ. ಮಿಕ್ಕಿದ್ದನ್ನು ಬಿಸಿ ಮಾಡುವಾಗ ನಡುಭಾಗ ಸಹ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬ ನಿಯಮವಿದೆ. ಥರ್ಮಾಮೀಟರ್ ಇಲ್ಲದವರು ಕಲಸಿದಾಗ ಎಲ್ಲ ಕಡೆಯಿಂದಲೂ ಹಬೆಯಾಡುವಷ್ಟು ಬಿಸಿಯಾಗಿದೆಯೇ ಎಂದಾದರೂ ನೋಡಿಕೊಳ್ಳಬೇಕು.

ಅನ್ನದ ವಿಷಯ ಇನ್ನೂ ಸೂಕ್ಷ್ಮ. ಬೇಯಿಸಿದ ಅನ್ನ ರಾತ್ರಿಯಿಡೀ ಹೊರಗಿದ್ದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ವಿಷವನ್ನು ಕೂಡಿಡಬಹುದು, ಬೆಳಗ್ಗೆ ಎಷ್ಟೇ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಎರಡು ತಾಸಿನೊಳಗೆ, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಒಂದೇ ತಾಸಿನೊಳಗೆ, ಅದನ್ನು ಫ್ರಿಜ್ಜಿಗೆ ಸೇರಿಸಿರಬೇಕು. ತಡವಾಗಿದ್ದರೆ ಓವನ್ನಿನ ಮೇಲೆ ಭಾರ ಹಾಕಬೇಡಿ, ಚೆಲ್ಲಿಬಿಡಿ.

ಎಣ್ಣೆಗಾಯಿ ಕಲಿಸಿದ್ದಕ್ಕೆ ವಿರುದ್ಧವಾದ ಪಾಠ ಕಲಿಸಿದ್ದು ಶೇಂಗಾ. ಚಟ್ನಿಪುಡಿಗೆಂದು ಒಂದು ಬಟ್ಟಲು ಶೇಂಗಾ ಹುರಿಯಲಿಟ್ಟು, ಮೇಲೆ ಬಣ್ಣ ತಿರುಗಲಿಲ್ಲವೆಂದು ಇನ್ನೊಂದು ನಿಮಿಷ, ಮತ್ತೊಂದು ನಿಮಿಷ ಕೊಟ್ಟೆ. ಸಿಪ್ಪೆ ತಿಕ್ಕಿ ಕಾಳನ್ನು ಎರಡು ಬೇಳೆ ಮಾಡಿದಾಗ ನಡುವೆ ಕರಿಯಾಗಿತ್ತು. ನೀರಿನಂಶ ಕಡಿಮೆಯಿರುವ, ಎಣ್ಣೆಯುಳ್ಳ ಪದಾರ್ಥದಲ್ಲಿ ಬಿಸಿ ಬೇಗ ಏರುತ್ತದೆ, ಹೊರಗೆ ತೆಗೆದ ಮೇಲೂ ಅದು ಒಳಗೊಳಗೇ ಹುರಿಯುತ್ತಿರುತ್ತದೆ. ಈಗ ಒಂದೊಂದೇ ನಿಮಿಷ ಕೊಟ್ಟು, ಕೈಯಾಡಿಸಿ, ಒಂದು ಕಾಳು ಒಡೆದು ನೋಡಿ ಮುಂದುವರಿಯುತ್ತೇನೆ. (ತಣ್ಣಗಾದ ಮಿರ್ಚಿ ಭಜಿಯನ್ನು ಮಾತ್ರ ಇದರಲ್ಲಿ ಇಡಬೇಡಿ, ಅಪಾಯವೇನೂ ಇಲ್ಲ, ಒದ್ದೆ ಅರಿವೆಯಂತಾಗುತ್ತದೆ.)

ಪಾತ್ರೆಯ ಬಗ್ಗೆ ಹೇಳುವುದಾದರೆ, ಸ್ಟೀಲ್ ಡಬ್ಬಿ ಬೇಡ. ಲೋಹ ಅಲೆಗಳನ್ನು ಹಿಂದಕ್ಕೆ ತಳ್ಳುವುದರಿಂದ ಒಳಗಿನ ಊಟಕ್ಕೆ ಬಿಸಿ ತಾಗುವುದಿಲ್ಲ, ಮೇಲಾಗಿ ಕಿಡಿ ಹಾರಬಹುದು. ಬಂಗಾರದ ಗೆರೆಯಿರುವ ಪಿಂಗಾಣಿ ಬಟ್ಟಲಿಗೂ, ಊಟ ಕಟ್ಟಿಕೊಡುವ ಬೆಳ್ಳಿ ಬಣ್ಣದ ಹಾಳೆಗೂ ಇದೇ ಮಾತು. ಮೆಲಮೈನ್ ತಾಟು ತಾನೇ ಕಾದು ಬಿರುಕು ಬಿಡುತ್ತದೆ. ಮೈಕ್ರೋವೇವಿಗೆ ಯೋಗ್ಯವೆಂಬ ಗುರುತಿರುವ ಪ್ಲಾಸ್ಟಿಕ್ಕನ್ನು ಬಳಸಬಹುದಾದರೂ, ನೀರಿಗಿಂತ ಬಹಳ ಹೆಚ್ಚು ಕಾಯುವ ಎಣ್ಣೆಯ ಪದಾರ್ಥವನ್ನು ನಾನು ಅದರಲ್ಲಿ ಇಡುವುದಿಲ್ಲ. ಆ ಗುರುತಿರುವ ಗಾಜಿನ ಬಟ್ಟಲು ಎರಡಿದ್ದರೆ ಸಾಕು.

ಸಿಡಿಯುವ ವಸ್ತುಗಳೂ ಇವೆ. ಸಿಪ್ಪೆಯಿರುವ ಮೊಟ್ಟೆಯನ್ನು ಬೇಯಿಸಲೂಬಾರದು, ಬೇಯಿಸಿದ್ದನ್ನು ಬಿಸಿ ಮಾಡಲೂಬಾರದು. ಆಲೂಗಡ್ಡೆ, ಬದನೆಕಾಯಿಗಳನ್ನು ಇಡಿಯಾಗಿ ಇಡುವ ಮೊದಲು ಚುಚ್ಚಬೇಕು. ಬರೀ ನೀರು ಕಾಯಿಸುವಾಗ ಇನ್ನೊಂದು ಮೋಸವಿದೆ: ನುಣುಪಾದ ಲೋಟದಲ್ಲಿ ನೀರು ಗುಳ್ಳೆ ಏಳಿಸದೆಯೇ ಕುದಿಯುವ ಮಟ್ಟವನ್ನು ದಾಟಿ, ಚಹಾಪುಡಿ ಹಾಕಿದ ಕೂಡಲೇ ಒಮ್ಮೆಲೇ ಉಕ್ಕಿ ಮುಖಕ್ಕೆ ಎರಚಬಹುದು. ಮರದ ಚಮಚವನ್ನು ಅದರೊಳಗೆ ಇಟ್ಟೇ ಕಾಯಿಸಿದರೆ ಈ ಅಪಾಯ ತೀರ ಕಡಿಮೆ. ಭಜಿ ಕರಿಯುವ ಕೆಲಸವಂತೂ ಒಲೆಯ ಮೇಲೆಯೇ ಆಗಬೇಕು.

ಗೋಡೆಯಲ್ಲಿ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟಿಗೇ ಜೋಡಿಸಿ, ಖಾಲಿ ಓವನ್ ಓಡಿಸಬೇಡಿ. ಒಳಗೆ ಏನಾದರೂ ಹೊತ್ತಿಕೊಂಡರೆ ಬಾಗಿಲು ತೆರೆಯದೆ, ಮೊದಲು ಯಂತ್ರವನ್ನು ನಿಲ್ಲಿಸಿ, ಗೋಡೆಯ ಸ್ವಿಚ್ ಆರಿಸಿ. ಗಾಳಿ ಸಿಗದಿದ್ದರೆ ಬೆಂಕಿ ಅಲ್ಲಿಯೇ ಕುಗ್ಗುತ್ತದೆ. ಅದು ಪೂರ್ತಿ ಆರಿದ ಮೇಲಷ್ಟೇ ಬಾಗಿಲಿಗೆ ಕೈ ಹಾಕಿ.