ಫಸ್ಟ್ ಪಿಯುಸಿ ಅಂಕ ಬೆನ್ನು ಹತ್ತುತ್ತದಾ?

ಭಾಲ್ಕಿ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ: ‘ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮ, ಶೇ 93. ಬೀದರಿನಲ್ಲಿ ಸೈನ್ಸ್ ಸೇರಿದೆ. ಫಸ್ಟ್ ಪಿಯುಸಿ ಶೇ 54ಕ್ಕೆ ಇಳಿಯಿತು. ಲೆಕ್ಕ ಬರುತ್ತಿತ್ತು, ಪ್ರಶ್ನೆ ಏನು ಕೇಳುತ್ತಿದೆ ಅಂತಲೇ ತಿಳಿಯುತ್ತಿರಲಿಲ್ಲ. ಇನ್ನು ದೊಡ್ಡ ಕಾಲೇಜಿನ ಆಸೆ ಬಿಡು ಅಂತಾರೆ ನಮ್ಮ ಕಾಕಾ. ಬಿಡಬೇಕಾ ಸರ್?’

ಬಿಡಬೇಡ ತಂಗಿ. ಕಾಕಾ ನಿನ್ನ ಒಳ್ಳೆಯದಕ್ಕೇ ಹೇಳಿರಬಹುದು, ಆದರೆ ಲೆಕ್ಕ ತಪ್ಪಿದೆ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಇನ್ನರ್ಧ ಸೆಕೆಂಡ್ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. ಫಸ್ಟ್ ಪಿಯುಸಿ ಅಂಕಪಟ್ಟಿಗೆ ಅಲ್ಲಿ ಜಾಗವೇ ಇಲ್ಲ. ವೈದ್ಯಕೀಯಕ್ಕೆ ಬರೆಯುವ ನೀಟ್‌ನಲ್ಲೂ ಫಸ್ಟ್ ಪಿಯುಸಿ ಅಂಕ ಲೆಕ್ಕಕ್ಕಿಲ್ಲ. ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗೆ ಜೆಇಇ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಜೊತೆ ನೋಡುವುದೂ 12ನೇ ತರಗತಿಯನ್ನೇ. ಸೆಕೆಂಡ್ ಪಿಯುಸಿ ಪರೀಕ್ಷೆಯೂ ಈಗ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲನೆಯದರಲ್ಲಿ ಕಡಿಮೆ ಬಂದರೆ ಎರಡನೆಯದು ಬರೆದು ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು.

ನನಗೆ ಚಿಂತೆ ಇರುವುದು ಬೇರೆ ಕಡೆ. ಅಂಕ ಅಲ್ಲೇ ಉಳಿಯಿತು, ಪಾಠ ಬೆನ್ನು ಬಿಡಲಿಲ್ಲ. ಸಿಇಟಿಯಲ್ಲಿ ಫಸ್ಟ್ ಪಿಯುಸಿ ಪಾಠದ ಪ್ರಶ್ನೆಗಳೂ ಇರುತ್ತವೆ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಯನ್ನೇ ಮೂರು ಸಲ ಓದುತ್ತಾ ಕೂತರೆ ಹೊತ್ತು ಸಾಲುವುದಿಲ್ಲ. ಆದ್ದರಿಂದ ನ್ಯೂಟನ್ ನಿಯಮ, ಮೋಲ್ ಲೆಕ್ಕ, ತ್ರಿಕೋನಮಿತಿ ಇವನ್ನು ಮತ್ತೆ ತೆಗೆ. ಹಳೆಯ ಸಿಇಟಿ ಪತ್ರಿಕೆ ತಗೊಂಡು ಮೊದಲು ಉತ್ತರ ಬರೆಯಬೇಡ. ಪ್ರತಿ ಪ್ರಶ್ನೆ ಕೇಳುವುದೇನು ಅಂತ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆ. ನಿಧಾನ ಅನ್ನಿಸುತ್ತದೆ, ಅನ್ನಿಸಲಿ. ಟ್ಯೂಷನ್ನಿಗೆ ಸುಮ್ನೆ ದುಡ್ಡು ಸುರಿಯುವುದಕ್ಕಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡ.

ಹಳೆಯ ಅಂಕ ನೋಡುವ ಕಾಲೇಜುಗಳೂ ಇವೆ. ಅಮೆರಿಕದವರು 9ರಿಂದ 12ರವರೆಗಿನ ಅಂಕಪಟ್ಟಿ ಕೇಳುತ್ತಾರೆ. ಇಲ್ಲಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸಂದರ್ಶನ ಇರುತ್ತದೆ. ಅಲ್ಲಿ ಕೇಳಿದರೆ ಮುಚ್ಚಿಡಬೇಡ, ಅಳಲೂ ಬೇಡ. ‘ಕನ್ನಡ ಮಾಧ್ಯಮದಿಂದ ಬಂದೆ, ಮೊದಲ ವರ್ಷ ಭಾಷೆ ಹಿಡಿಯಲಿಕ್ಕೇ ಹೋಯಿತು, ಈ ವರ್ಷದ ಅಂಕ ನೋಡಿ’ ಅಂದರೆ ಸಾಕು. ನಡುವೆ ಬಿದ್ದು ಕೊನೆಗೆ ಎದ್ದ ಅಂಕಪಟ್ಟಿಗೆ ಕಾರಣ ಹೇಳುವುದು ಸುಲಭ. ಕೊನೆಯ ವರ್ಷ ಬಿದ್ದಿದ್ದರೆ ಕಷ್ಟವಿತ್ತು.

ಇನ್ನೊಂದು ಮಾತು. ನಮ್ಮ ಕಡೆಯ ಎಷ್ಟೋ ಮಕ್ಕಳು ಅಂಕದ ಚಿಂತೆಯಲ್ಲಿ ಕಾಗದಪತ್ರ ಮರೆಯುತ್ತಾರೆ. ಸಂವಿಧಾನದ 371(ಜೆ) ವಿಧಿ ಅಡಿ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮವರಿಗೆ. ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಸಿಇಟಿಯಲ್ಲಿ ಕನ್ನಡ ಮಾಧ್ಯಮಕ್ಕೆ, ಗ್ರಾಮೀಣ ವಿದ್ಯಾರ್ಥಿಗಳಿಗೆ ಬೇರೆ ಮೀಸಲಾತಿಯೂ ಇದೆ, ಅಲ್ವಾ? ಅದಕ್ಕೆ 1ರಿಂದ 10ನೇ ತರಗತಿಯವರೆಗೆ ಓದಿದ ಶಾಲೆಯ ಪ್ರಮಾಣಪತ್ರ ಬೇಕು. ನೀನು ಓದಿಕೋ, ಈ ಓಡಾಟ ಕಾಕಾ ಅವರಿಗೆ ಒಪ್ಪಿಸು.